ಹೂಡಿಯ ಕೊಳಲು, ಪೀಣ್ಯದ ಕೊಳಲು

ದಿನಾಂಕ 12-3-1984, ಸೋಮವಾರ. ವೈಟ್‌ಫೀಲ್ಡ್ ಪೊಲೀಸ್ ಠಾಣೆ. ಸಂಜೆ 7-00 ಗಂಟೆ.

ನನ್ನ ಹೆಸರು ನರಸಪ್ಪ, ತಂದೆ ದಿವಂಗತ ಕೆಂಪಯ್ಯ. ವಯಸ್ಸು 54 ವರ್ಷ. ಪೀಣ್ಯ ಎರಡನೇ ಹಂತದಲ್ಲಿ ಶ್ರೀ ಲಕ್ಷ್ಮಣಪ್ಪನವರ ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಕೆಲಸ. ವಾಸ ರಾಜಗೋಪಾಲನಗರ, ಎರಡನೇ ಅಡ್ಡರಸ್ತೆ, ನೀರಿನ ಟ್ಯಾಂಕಿನ ಹಿಂದಿನ ಮನೆ. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ನಡೆದದ್ದನ್ನು ಮೊದಲಿಂದ ಹೇಳಬೇಕೆಂದು ಕೇಳಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುತ್ತಿರುವುದು ಏನೆಂದರೆ:

ಪ್ಯಾಟರ್ನ್ ಎಂದರೆ ಎರಕ ಹೊಯ್ಯುವ ಮುಂಚೆ ಮರಳಿನಲ್ಲಿ ಅಚ್ಚು ಮೂಡಿಸಲು ಬೇಕಾದ ಮರದ ಮಾದರಿ. ಪಂಪಿನ ಭಾಗವಾಗಲಿ ಮೋಟಾರಿನ ಹೊದಿಕೆಯಾಗಲಿ, ಮೊದಲು ಮರದಲ್ಲಿ ನಾನು ಮಾಡಿಕೊಡುತ್ತೇನೆ. ಚಿಕ್ಕಂದಿನಲ್ಲಿ ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಕಡೆಯುವ ಕೆಲಸ ಕಲಿತೆ. ಹದಿನೇಳನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಎರಕದ ಕೆಲಸಕ್ಕೆ ಸೇರಿದೆ. ಲೋಹ ತಣ್ಣಗಾಗುವಾಗ ಎಷ್ಟು ಕುಗ್ಗುತ್ತದೆ, ಮರ ಒಣಗುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆಯುವುದೇ ಮೂವತ್ತೇಳು ವರ್ಷದಿಂದ ನನ್ನ ಅನ್ನ. ನಮ್ಮ ಬೀದಿಯ ಶನಿವಾರದ ಭಜನೆಯಲ್ಲಿ ಬಿದಿರಿನ ಕೊಳಲು ಊದುತ್ತೇನೆ.

ಕಳೆದ ವರ್ಷ 1983ರ ಸೆಪ್ಟೆಂಬರ್ 11ನೇ ತಾರೀಖು ಭಾನುವಾರ ಬೆಳಿಗ್ಗೆ ಸುಮಾರು 10-30ಕ್ಕೆ ಶ್ಯಾಮಣ್ಣ ಎಂಬುವರು ನನ್ನ ಮನೆಗೆ ಬಂದರು. ಅದಕ್ಕೆ ಮುಂಚೆ ಅವರ ಪರಿಚಯ ನನಗೆ ಇರಲಿಲ್ಲ. ವೈಟ್‌ಫೀಲ್ಡ್ ಕಡೆಯ ಹಳೆಯ ಬಂಗಲೆಗಳಿಂದ ಕುರ್ಚಿ, ಗಡಿಯಾರ, ದೀಪ ಕೊಂಡು ಮಾರುವವರೆಂದು ಹೇಳಿಕೊಂಡರು. ಅವರ ಕೈಯಲ್ಲಿ ಸುಮಾರು ಒಂದು ಅಡಿ ಉದ್ದದ ಮರದ ಪೆಟ್ಟಿಗೆ ಇತ್ತು. ತೆರೆದರೆ ಒಳಗೆ ಹಸಿರು ಬಟ್ಟೆಯ ಮೇಲೆ ನಾಲ್ಕು ತುಂಡುಗಳಾಗಿ ಬಿಚ್ಚಿಟ್ಟ ಅಡ್ಡ ಕೊಳಲು ಇತ್ತು. ತುಂಡುಗಳು ಸೇರುವ ಕಡೆಗಳಲ್ಲಿ ದಂತದ ಬಳೆ. ಆರು ಬೆರಳಿನ ತೂತು. ಕಾಲ ಕಡೆ, ಅಂದರೆ ಕೆಳತುದಿಯಲ್ಲಿ, ಕಿರುಬೆರಳಿಂದ ಒತ್ತುವ ಒಂದು ಹಿತ್ತಾಳೆಯ ಕೀಲಿ. ಮರದ ಬಣ್ಣ ಹಳೆಯ ಜೇನಿನ ಬಣ್ಣ. ಮಾಡಿದವನ ಮುದ್ರೆ ಸವೆದು ಓದಲು ಬರುತ್ತಿರಲಿಲ್ಲ.

ಇದು ವಿಲಾಯಿತಿಯ ಕೊಳಲು, ನೂರೈವತ್ತು ವರ್ಷದ ಹಿಂದಿನದು ಎಂದು ಶ್ಯಾಮಣ್ಣ ಹೇಳಿದರು. ಇದರ ಯಜಮಾನರಿಗೆ ಅಸಲಿಯನ್ನು ಭದ್ರವಾಗಿ ಇಟ್ಟು, ದಿನಾ ಊದಲು ಇನ್ನೊಂದು ಮಾಡಿಸುವ ಆಸೆ ಇದೆ, ಊರೆಲ್ಲ ವಿಚಾರಿಸಿದ್ದಕ್ಕೆ ನಿಮ್ಮ ಹೆಸರು ಹೇಳಿದರು ಎಂದರು. ನೋಡಲು ಎರಡೂ ಒಂದೇ ಥರ ಇರಬೇಕು, ಸವೆದ ಗುರುತು ಸಹ ಇರಬೇಕು ಎಂದರು. ಊದಲು ಮಾಡಿಸುವ ಕೊಳಲಿಗೆ ಸವೆದ ಗುರುತು ಯಾಕೆ ಎಂದು ಆಗಲೇ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅಷ್ಟು ಹೊತ್ತಿಗೆ ನಾನು ನಡುವಿನ ತುಂಡನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದೆ.

ಬಿದಿರಿನ ಕೊಳಲಿನ ಒಳಗು ಉದ್ದಕ್ಕೂ ಒಂದೇ ಅಗಲ. ಇದು ಹಾಗಲ್ಲ. ಬಾಯಿ ಕಡೆ ಅಗಲ, ಕಾಲ ಕಡೆಗೆ ಬರುತ್ತ ಬರುತ್ತ ಕಿರಿದು. ಗಟ್ಟಿ ಮರದ ಹೊಟ್ಟೆಯೊಳಗೆ ಕೈಯಿಂದ ಅಂಥ ಇಳಿಜಾರು ಕೊರೆದವನು ಯಾವ ಊರವನೋ, ಅವನ ಹೆಸರೂ ಉಳಿದಿಲ್ಲ. ನಾನು ಒಪ್ಪಿಕೊಂಡೆ. ಹತ್ತು ವಾರ ಸಮಯ ಕೇಳಿದೆ. ಕೊಳಲನ್ನು ನನ್ನ ಹತ್ತಿರ ಬಿಟ್ಟು ಶ್ಯಾಮಣ್ಣ ಹೋದರು.

ಮೊದಲ ಮೂರು ವಾರ ಅಳತೆಗೇ ಹೋಯಿತು. ಕೊಳಲಿನ ಒಳಗಿಗೆ ಸರಿಯಾಗಿ ಕೂರುವಂತೆ ಬೀಟೆ ಮರದಲ್ಲಿ ಇಳಿಜಾರಿನ ಕಡ್ಡಿಗಳನ್ನು ಕಡೆದೆ. ಇವಕ್ಕೆ ನಾವು ಪ್ಲಗ್ ಎನ್ನುತ್ತೇವೆ. ಅವನ್ನು ನೋಡಿಕೊಂಡು ಹಳೆಯ ಅರಗಳನ್ನು ಮಸೆದು ನಾಲ್ಕು ರೀಮರ್ ಮಾಡಿದೆ. ರೀಮರ್ ಎಂದರೆ ತೂತಿನೊಳಗೆ ಹಾಕಿ ತಿರುಗಿಸುತ್ತ ಒಳಗನ್ನು ಸವರುವ ಉಳಿ. ಅಸಲಿಯದು ನಮ್ಮ ದೇಶದ ಮರವಲ್ಲ. ಅದರ ಬದಲು ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ತೆಗೆದುಕೊಂಡೆ. ನಮ್ಮ ಮಾವನವರ ಅಟ್ಟದಲ್ಲಿ ಹನ್ನೊಂದು ವರ್ಷ ಒಣಗಿದ ದಿಮ್ಮಿ ಅದು. ಒಂದೇ ಸಲ ಕೊರೆದರೆ ಮರ ಬಿಸಿಯಾಗಿ ಸೀಳುತ್ತದೆ. ಸ್ವಲ್ಪ ಕೊರೆದು, ಅಗಸೆ ಎಣ್ಣೆಯಲ್ಲಿ ಅದ್ದಿ, ಒಂದು ವಾರ ಬಿಟ್ಟು ಮತ್ತೆ ಕೊರೆಯಬೇಕು. ಎರಡು ತುಂಡು ಕೆಟ್ಟವು. ದಂತಕ್ಕೆ ಬದಲು ಎಮ್ಮೆಯ ಮೂಳೆ ಕಡೆದು ಬಳೆ ಮಾಡಿದೆ. ಕೀಲಿಗೆ ಪುಟ್ಟ ಪ್ಯಾಟರ್ನ್ ಮಾಡಿ ಹಿತ್ತಾಳೆಯ ಎರಕ ಹೊಯ್ದೆ. ಬಣ್ಣಕ್ಕೆ ಕಾಚು ಮತ್ತು ಚಹಾದ ಕಷಾಯ ಹಚ್ಚಿದೆ.

ಈ ಕೆಲಸವನ್ನು ಎಂಟು ಭಾನುವಾರ ಕಾರ್ಖಾನೆಯಲ್ಲಿ ಮರ ಕಡೆಯುವ ಲೇತಿನ ಮೇಲೆ ಮಾಡಿದೆ. ಪ್ಯಾಟರ್ನ್ ಶಾಪಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಮಾಲೀಕರನ್ನು ಕೇಳಿರಲಿಲ್ಲ. ಇದು ನನ್ನ ತಪ್ಪು.

ನವೆಂಬರ್ 13ನೇ ತಾರೀಖು ಭಾನುವಾರ ಮಧ್ಯಾಹ್ನ ಸುಮಾರು 1-15ಕ್ಕೆ ಮನೆಯಲ್ಲಿ ನಾಲ್ಕೂ ತುಂಡನ್ನು ಸೇರಿಸಿ ಮೊದಲ ಸಲ ಊದಿದೆ. ಅದಕ್ಕೆ ಮುಂಚೆ ತೂತುಗಳ ಒಳ ಅಂಚನ್ನು ಚಾಕುವಿನಿಂದ ಕೂದಲೆಳೆಯಷ್ಟು ಕೆತ್ತಿ ಸ್ವರ ಕೂಡಿಸಿದ್ದೆ. ನನ್ನ ಹೆಂಡತಿ ಅಂಜಿನಮ್ಮ ಅಡುಗೆ ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಯಾರು ಬಂದವರೆ ಎಂದು ಕೇಳಿದಳು. ಯಾರೂ ಬಂದಿಲ್ಲ, ಊದಿದವನು ನಾನೇ ಎಂದೆ. ಅವಳು ಬಾಗಿಲಲ್ಲೇ ಕುಳಿತು ಇನ್ನೊಂದು ಸಲ ಊದಲು ಹೇಳಿದಳು. ಮುದ್ದೆ ಆರಿಹೋಯಿತು.

ನವೆಂಬರ್ 20ನೇ ತಾರೀಖು ಭಾನುವಾರ ಬೆಳಿಗ್ಗೆ 9-00 ಗಂಟೆಗೆ ಶ್ಯಾಮಣ್ಣ ಬಂದು ಎರಡು ಕೊಳಲನ್ನೂ ತೆಗೆದುಕೊಂಡು ಹೋದರು. ಎರಡನ್ನೂ ಚಾಪೆಯ ಮೇಲೆ ಇಟ್ಟು, ಯಾವುದು ಯಾವುದು ಗುರು ಎಂದು ಅವರೇ ಕೇಳಿದರು. ನಾನು ತೋರಿಸಿದೆ. ಆ ಮಾತು ಕೇಳಿ ನನಗೆ ಎರಡು ದಿನ ಊಟ ಬೇಡವಾಗುವಷ್ಟು ಸಂತೋಷವಾಯಿತು. ಅವರು ಆ ಮಾತನ್ನು ಯಾಕೆ ಕೇಳಿದರೆಂದು ಇವತ್ತು ಗೊತ್ತಾಯಿತು.

ಆಮೇಲೆ ಮೂರೂವರೆ ತಿಂಗಳು ಅವರನ್ನು ನಾನು ನೋಡಲಿಲ್ಲ.

ಇವತ್ತು ಮಧ್ಯಾಹ್ನ 12-35ಕ್ಕೆ ಊಟದ ಗಂಟೆ ಹೊಡೆದ ಐದು ನಿಮಿಷಕ್ಕೆ, ಯಾರೋ ವಯಸ್ಸಾದ ಹೆಂಗಸು ಗೇಟಿನ ಹತ್ತಿರ ಕೂತಿದ್ದಾರೆ, ಒಂದು ಚೀಟಿ ತೋರಿಸುತ್ತಿದ್ದಾರೆ, ಅದರಲ್ಲಿರುವುದು ನಿಮ್ಮ ಬರವಣಿಗೆಯೇ ಇರಬೇಕು ಎಂದು ಕಾವಲುಗಾರ ಬಂದು ಹೇಳಿದ. ನಾನು ಹೋದೆ. ಹೊಂಗೆ ಮರದ ನೆರಳಲ್ಲಿ ಸುಮಾರು 65 ವರ್ಷದ ಹೆಂಗಸು ಮಡಿಲಲ್ಲಿ ಗಂಟು ಇಟ್ಟುಕೊಂಡು ಕುಳಿತಿದ್ದರು. ಹೆಸರು ಚಿಕ್ಕಮುನಿಯಮ್ಮ, ಊರು ಹೂಡಿ ಎಂದು ಹೇಳಿದರು. ಬೆಳಿಗ್ಗೆ 8-00 ಗಂಟೆಗೆ ಹೊರಟು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ, ಪೀಣ್ಯದಲ್ಲಿ ಇಳಿದು, ಹತ್ತು ಕಾರ್ಖಾನೆಗಳ ಗೇಟಿನಲ್ಲಿ ಚೀಟಿ ತೋರಿಸುತ್ತ ಬಂದಿದ್ದರು.

ಚೀಟಿ ನಮ್ಮ ಕಾರ್ಖಾನೆಯ ವಿಳಾಸ ಅಚ್ಚಾಗಿರುವ ಜಾಬ್ ಕಾರ್ಡಿನಿಂದ, ಅಂದರೆ ಕೆಲಸದ ವಿವರ ಬರೆಯುವ ಕಾರ್ಡಿನಿಂದ ಹರಿದ ಪಟ್ಟಿ. ಅದರ ಹಿಂದೆ ಪೆನ್ಸಿಲಿನಲ್ಲಿ ನಾನು ಬರೆದ ಅಳತೆಗಳಿದ್ದವು. ಕೊಳಲಿನ ತುಂಡುಗಳು ಬಿಗಿಯಾಗಿ ಕೂರಲೆಂದು ದಾರ ಸುತ್ತುವಾಗ, ಸ್ವಲ್ಪ ಸಡಿಲವಿದ್ದ ಒಂದು ಕಡೆ ದಾರದ ಕೆಳಗೆ ಈ ಕಾಗದ ಸುತ್ತಿದ್ದು ನನಗೆ ನೆನಪಾಯಿತು. ಬೇಸಿಗೆಗೆ ಮರ ಒಣಗಿ ಆ ತುಂಡು ಅಲ್ಲಾಡತೊಡಗಿತ್ತು. ಬೇರೆ ದಾರ ಸುತ್ತೋಣವೆಂದು ಅವರು ಬಿಚ್ಚಿದಾಗ ಚೀಟಿ ಸಿಕ್ಕಿತು. ಅವರಿಗೆ ಓದಲು ಬರುವುದಿಲ್ಲ. ಹೂಡಿ ಶಾಲೆಯ ಮೇಡಂ ಪಂಕಜಾ ಅವರಿಂದ ಕಾರ್ಖಾನೆಯ ವಿಳಾಸ ಓದಿಸಿಕೊಂಡು ಬಂದಿದ್ದರು.

ಅವರು ಗಂಟು ಬಿಚ್ಚಿದರು. ಒಳಗಿದ್ದದ್ದು ನಾನು ಮಾಡಿದ ಕೊಳಲು.

ಅವರು ಹೇಳಿದ್ದು ಹೀಗೆ. ಅವರ ತಂದೆ ಆವಲಪ್ಪ ವೈಟ್‌ಫೀಲ್ಡ್‌ನಲ್ಲಿ ಬ್ಯಾಂಡ್ ಮೇಷ್ಟರಾಗಿದ್ದ ದೊರೆಯೊಬ್ಬರ ತೋಟದಲ್ಲಿ ಮಾಲಿ ಕೆಲಸ ಮಾಡುತ್ತಿದ್ದರು. ದೊರೆ ಸೀಮೆಗೆ ಹಿಂದಿರುಗುವಾಗ ಕೊಳಲನ್ನು ಆವಲಪ್ಪನವರ ಕೈಗೆ ಕೊಟ್ಟು ಹೋದರು. ಚಿಕ್ಕಮುನಿಯಮ್ಮ ಒಂಬತ್ತು ವರ್ಷದವರಿದ್ದಾಗ ತಂದೆಯಿಂದ ಊದಲು ಕಲಿತರು. ಮದುವೆಯಾದ ಮೇಲೆ ಹೆಂಗಸು ಊದಬಾರದೆಂದು ಅತ್ತೆ ಅದನ್ನು ರಾಗಿ ಕಣಜದೊಳಗೆ ಬಚ್ಚಿಟ್ಟರು. ಕಣಜ ತೋಡುವಾಗ ಇವರೇ ತೆಗೆದುಕೊಂಡು, ಹೊಲ ಕಾಯಲು ಹೋದಾಗ ಮಾತ್ರ ಊದಿ ಬಂದರು. ಹಾಗೆ ಇಪ್ಪತ್ತು ವರ್ಷ. ಅತ್ತೆ ತೀರಿಕೊಂಡ ಮೇಲೆ ಮನೆ ಜಗುಲಿಯಲ್ಲಿ ಕೂತು ಊದಿದರು. ಕಳೆದ ಸೆಪ್ಟೆಂಬರ್‌ನಲ್ಲಿ ಶ್ಯಾಮಣ್ಣ ಮನೆಗೆ ಬಂದು, ಕೀಲಿಯ ಅಡಿಯ ತೊಗಲು ಹೋಗಿದೆ, ಒಂದು ಕಡೆ ಬಿರುಕು ಬಿಡುತ್ತಿದೆ, ರಿಪೇರಿ ಮಾಡಿಸಿಕೊಡುತ್ತೇನೆ ಎಂದು ಕೊಳಲು ಒಯ್ದರು. ನವೆಂಬರ್ 24ನೇ ತಾರೀಖು ತಂದುಕೊಟ್ಟರು.

ನಾನು ಕೇಳಿದ ಹಾಗೆಯೇ ಅವರ ಮಾತನ್ನು ಹೇಳುತ್ತೇನೆ. "ನೋಡಕ್ಕೆ ನನ್ದೇ ಕಣಪ್ಪ. ತುಟಿಗಿಟ್ಟೆ, ಬೇರೇರ ಮನೆ ಬಾಗ್ಲು ತಟ್ದಂಗಾತು. ಇದು ನನ್ದಲ್ಲ ಅಂತ ಯೇಳ್ದೆ. ಮನೇಲಿ ಯಾರೂ ನಂಬ್ಲಿಲ್ಲ. ವಯಸ್ಸಾತು, ಕಿವಿ ಓಗೈತೆ ಅಂದ್ರು. ಮೂರು ತಿಂಗ್ಳು ಅಂಗೇ ಅಂದ್ರು. ಕೊನೆಗೆ ನಂಗೇ ಅನ್ಮಾನ ಬರಕ್ಕೆ ಸುರುವಾಯ್ತು."

ಆಮೇಲೆ ಕೊಳಲನ್ನು ತಿರುಗಿಸಿ ನೋಡುತ್ತ, "ಮಾಡಿರೋನು ಗಟ್ಟಿಗ. ಆದ್ರೆ ಕಳ್ಳನ ಕೈಗೆ ಕೊಟ್ಟ," ಎಂದರು.

ಮಾಡಿದವನು ನಾನೇ ಎಂದು ನಾನು ಹೇಳಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಕೈ ಚಾಚಲು ಹೇಳಿ, ಅಂಗೈಯನ್ನೂ ಬೆರಳುಗಳನ್ನೂ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಅಂಗಾದ್ರೆ ನನ್ ಕಿವಿ ನೆಟ್ಟಗೈತೆ," ಎಂದರು. ಅದನ್ನು ಎರಡು ಸಲ ಹೇಳಿದರು. ಆಮೇಲೆ ಎದ್ದು, "ಬಾ, ಓಗಾನ," ಎಂದರು.

12-55ಕ್ಕೆ ನಾನು ಆ ಕೊಳಲನ್ನು ಹಿಡಿದುಕೊಂಡು ಮಾಲೀಕರಾದ ಲಕ್ಷ್ಮಣಪ್ಪನವರ ಕೋಣೆಗೆ ಹೋಗಿ ಅರ್ಧ ದಿನ ರಜೆ ಕೇಳಿದೆ. ಕಾರಣ ಕೇಳಿದಾಗ ಎಲ್ಲವನ್ನೂ ಹೇಳಬೇಕಾಯಿತು.

"ನಮ್ ಲೇತ್ ಮೇಲಾ?" ಎಂದರು.

ಹೌದು ಎಂದೆ.

"ಎಷ್ಟು ಸಲ?"

ಎಂಟು ಭಾನುವಾರ ಎಂದೆ.

ಅವರು ಕೊಳಲಿನ ನಡುವಿನ ತುಂಡನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಲೇತಿನ ವಿಚಾರ ಆಮೇಲೆ ಮಾತಾಡೋಣ, ಆ ಅಜ್ಜಿಯನ್ನು ಮೊದಲು ಊಟಕ್ಕೆ ಕರೆಯಿರಿ, ಠಾಣೆಗೆ ಹೋಗುವಾಗ ನಿಮ್ಮ ಪ್ಲಗ್ಗು ರೀಮರು ಎಲ್ಲ ತೆಗೆದುಕೊಂಡು ಹೋಗಿ, ಬರಿಗೈಲಿ ಹೋದರೆ ಯಾರೂ ನಂಬುವುದಿಲ್ಲ ಎಂದು ಹೇಳಿ ಗೇಟ್ ಪಾಸನ್ನು ತಾವೇ ಬರೆದುಕೊಟ್ಟರು. ಚಿಕ್ಕಮುನಿಯಮ್ಮ ಊಟ ಬೇಡವೆಂದರು. ಅವರಿಗೂ ನನಗೂ ಹಸಿವಿರಲಿಲ್ಲ.

1-25ಕ್ಕೆ ಪೀಣ್ಯ ಬಿಟ್ಟು, 2-10ಕ್ಕೆ ಮೆಜೆಸ್ಟಿಕ್ ತಲುಪಿ, 2-30ರ ಬಸ್ಸಿನಲ್ಲಿ ಹೊರಟು, ಸಂಜೆ 4-00 ಗಂಟೆಗೆ ಈ ಠಾಣೆಗೆ ಬಂದೆವು. ಹೆಡ್ ಕಾನ್‌ಸ್ಟೇಬಲ್ ಗೋಪಾಲಪ್ಪನವರು ನಮ್ಮ ಮಾತು ಕೇಳಿಕೊಂಡು ಸಬ್ ಇನ್‌ಸ್ಪೆಕ್ಟರ್ ಜಯಸಿಂಹ ಸಾಹೇಬರ ಮುಂದೆ ನಿಲ್ಲಿಸಿದರು. ಚಿಕ್ಕಮುನಿಯಮ್ಮನವರ ದೂರನ್ನು ಬರೆದುಕೊಂಡರು. 4-40ಕ್ಕೆ ಸಾಹೇಬರು, ಗೋಪಾಲಪ್ಪನವರು, ಇಬ್ಬರು ಪಂಚರು, ನಾನು, ಚಿಕ್ಕಮುನಿಯಮ್ಮ ಶ್ಯಾಮಣ್ಣನವರ ಗೋದಾಮಿಗೆ ಹೋದೆವು. ಅದು ಠಾಣೆಯಿಂದ ಸುಮಾರು ಅರ್ಧ ಮೈಲಿ ದೂರ ಮುಖ್ಯರಸ್ತೆಯ ಎಡಗಡೆ ಇದೆ.

ಶ್ಯಾಮಣ್ಣ ಗೋದಾಮಿನೊಳಗೆ ಒಂದು ದೊಡ್ಡ ಪೆಟ್ಟಿಗೆಗೆ ಹುಲ್ಲು ತುಂಬಿಸುತ್ತಿದ್ದರು. ಪೆಟ್ಟಿಗೆಯ ಮೇಲೆ ಮದರಾಸು ಬಂದರಿನ ವಿಳಾಸ ಬರೆದಿತ್ತು. ನಾಳೆ 13ನೇ ತಾರೀಖು ಬೆಳಿಗ್ಗೆ ಲಾರಿಗೆ ಹಾಕುವುದಿತ್ತೆಂದು ಅವರ ಹತ್ತಿರವಿದ್ದ ಕಾಗದದಿಂದ ತಿಳಿಯಿತು. ಹುಲ್ಲಿನ ಕೆಳಗೆ ಮೊದಲ ದಿನ ನನ್ನ ಮನೆಗೆ ತಂದಿದ್ದ ಹಸಿರು ಬಟ್ಟೆಯ ಪೆಟ್ಟಿಗೆ, ಅದರೊಳಗೆ ಕೊಳಲು ಸಿಕ್ಕಿತು. ಚಿಕ್ಕಮುನಿಯಮ್ಮ ಕೈ ಚಾಚಿದರು. ಈಗ ಮುಟ್ಟಬೇಡಿ ಎಂದು ಸಾಹೇಬರು ಹೇಳಿದರು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು.

ಇದು ನಕಲು ಸಾರ್, ಮಾಡಿಸಿದವನು ನಾನೇ, ಅಸಲಿಯನ್ನು ಈ ಅಮ್ಮನಿಗೆ ನವೆಂಬರ್‌ನಲ್ಲೇ ಕೊಟ್ಟಿದ್ದೀನಿ, ನಕಲನ್ನು ಮಾರೋದು ತಪ್ಪಲ್ಲವಲ್ಲ ಎಂದು ಶ್ಯಾಮಣ್ಣ ಹೇಳಿದರು. ಗಾಬರಿಯಾಗಲಿಲ್ಲ. ನಗುತ್ತಲೇ ಹೇಳಿದರು.

ಠಾಣೆಗೆ ಹಿಂದಿರುಗುವ ದಾರಿಯಲ್ಲಿ ಅವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ ಮಾತು ಇದು: "ಗುರು, ನಕಲು ಮಾಡಿದೋನು ನೀನು. ಮೊದ್ಲು ಒಳಗೆ ಹೋಗೋನು ನೀನೇ. ಎರಡೂ ಒಂದೇ ಥರ ಅವೆ, ಗೊತ್ತಾಗಲ್ಲ ಅಂದ್ಬಿಡು. ಮನೆಗೆ ಹೋಗು." ಕೆಲಸ ಹೋದರೆ ಈ ವಯಸ್ಸಿಗೆ ಯಾರು ಕೊಡುತ್ತಾರೆ ಎಂದು ಯೋಚನೆ ಬಂತು. ಮುಂದೆ ಚಿಕ್ಕಮುನಿಯಮ್ಮ ನಡೆದು ಹೋಗುತ್ತಿದ್ದರು, ಚಪ್ಪಲಿ ಇಲ್ಲದೆ. ನಾನು ಅಲ್ಲೇ ನಿಂತು ಗೋಪಾಲಪ್ಪನವರನ್ನು ಕರೆದು, ಈಗ ಇವರು ಹೀಗೆ ಹೇಳಿದರು ಎಂದು ರಸ್ತೆಯವರಿಗೆಲ್ಲ ಕೇಳುವಂತೆ ಹೇಳಿದೆ.

5-30ಕ್ಕೆ ಠಾಣೆಯ ಮೇಜಿನ ಮೇಲೆ ಎರಡು ಕೊಳಲನ್ನೂ ಇಟ್ಟರು. ಸಾಹೇಬರು ಭೂತಗನ್ನಡಿಯಲ್ಲಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ರಿಪೇರಿ ಮಾಡಿಸುತ್ತೇನೆಂದು ಒಯ್ದ ಅಸಲಿಗೆ ಹೊಸ ತೊಗಲು ಹಾಕಿ, ಬಿರುಕಿಗೆ ಮೇಣ ತುಂಬಿ, ಮೇಲೆ ಬಣ್ಣ ಒರೆಸಿಟ್ಟಿದ್ದರು. ಎದುರಿನ ದಿನಸಿ ಅಂಗಡಿಯಿಂದ ತಕ್ಕಡಿ ತರಿಸಿ ತೂಗಿದರು. ಒಂದು ಸುಮಾರು ಹತ್ತು ಗ್ರಾಂ ಹಗುರ ಬಂತು. ಹಳೇ ಮರ ಒಣಗಿ ಹಗುರ ಆಗಿರುತ್ತೆ ಸಾರ್, ಹಗುರದ್ದೇ ಅಸಲಿ ಎಂದು ಶ್ಯಾಮಣ್ಣ ಹೇಳಿದರು. ಹಗುರವಿದ್ದದ್ದು ನನ್ನದು. ಆದರೆ ಅವರ ಮಾತು ಬರೀ ಸುಳ್ಳೆಂದು ತೂಕದಿಂದ ತೋರಿಸಲು ಆಗುವುದಿಲ್ಲ. ಅದನ್ನು ನಾನೂ ಒಪ್ಪಿಕೊಂಡೆ.

ಆಗ ಸಾಹೇಬರು ನನ್ನ ಕಡೆ ತಿರುಗಿ, "ಏನ್ರೀ, ಮಾಡಿದೋರು ನೀವು. ನಿಮಗಾದ್ರೂ ಗೊತ್ತಾಗುತ್ತಾ?" ಎಂದು ಕೇಳಿದರು.

ನನ್ನ ಮಾತನ್ನು ನಂಬಬೇಡಿ ಸಾರ್, ನಿಮ್ಮ ಕೈಯಲ್ಲೇ ನೋಡಿ ಎಂದು ನಾನು ಹೇಳಿದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡಕ್ಕೂ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ನೂರೈವತ್ತು ವರ್ಷದ ಹಿಂದೆ ದುಂಡಗೆ ಕೊರೆದ ತೂತು ಇಷ್ಟು ವರ್ಷದಲ್ಲಿ ಮೊಟ್ಟೆಯಂತೆ ಒಂದು ಕಡೆ ಚಪ್ಪಟೆಯಾಗಿರಲೇಬೇಕು. ಕಣ್ಣಿಗೆ ಕಾಣುವುದಿಲ್ಲ. ನನ್ನ ಹತ್ತಿರ ದುಂಡನೆಯ ಪ್ಲಗ್ ಇದೆ. ಅದಕ್ಕೆ ಸೀಮೆಸುಣ್ಣ ಬಳಿದು ಕೊಳಲಿನೊಳಗೆ ನೆಟ್ಟಗೆ ಒತ್ತಿ ಹೊರಕ್ಕೆ ತೆಗೆಯಿರಿ. ಹೊಸ ಕೊಳಲಾದರೆ ಸುತ್ತಲೂ ಸುಣ್ಣ ಒರೆಸಿಹೋಗಿರುತ್ತದೆ. ಹಳೆಯದಾದರೆ ಎದುರುಬದುರಿಗೆ ಎರಡೇ ಗೆರೆ ಒರೆಸಿರುತ್ತದೆ, ಉಳಿದ ಕಡೆ ಸುಣ್ಣ ಹಾಗೇ ಇರುತ್ತದೆ. ಇಷ್ಟು ಹೇಳಿ, ನಾನು ಇಲ್ಲಿರುವುದಿಲ್ಲ ಎಂದು ಅಂಗಳಕ್ಕೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಮೇಜಿಗೂ ನಾನು ನಿಂತ ಜಾಗಕ್ಕೂ ಸುಮಾರು ಮೂವತ್ತು ಅಡಿ ಇತ್ತು. ಕಾಣಬಾರದೆಂದು ಕಾಂಪೌಂಡಿನ ಕಡೆ ಮುಖ ಮಾಡಿದ್ದೆ.

ಗೋಪಾಲಪ್ಪನವರು ಸಾಹೇಬರಿಗೂ ಶ್ಯಾಮಣ್ಣನವರಿಗೂ ಕಾಣದಂತೆ ತುಂಡುಗಳನ್ನು ಅದಲುಬದಲು ಮಾಡಿ ಗುಟ್ಟಾಗಿ ಬರೆದಿಟ್ಟುಕೊಂಡರಂತೆ. ಸಾಹೇಬರು ತಾವೇ ಪ್ಲಗ್ ಒತ್ತಿ ತೆಗೆದು ನೋಡಿದರು. ಐದು ಸಲ ಮಾಡಿದರು. ನನ್ನನ್ನು ಒಳಗೆ ಕರೆದಾಗ 6-05. ಮೇಜಿನ ಮೇಲೆ ಸೀಮೆಸುಣ್ಣದ ಪುಡಿ ಚೆಲ್ಲಿತ್ತು. ಸಾಹೇಬರ ಕೈ ಬೆಳ್ಳಗಾಗಿತ್ತು. ಐದಕ್ಕೆ ಐದು ಸಲವೂ ಎರಡು ಗೆರೆ ಬಂದದ್ದು ಗೋದಾಮಿನಲ್ಲಿ ಸಿಕ್ಕ ಕೊಳಲಿನಲ್ಲಿ. ಸುತ್ತಲೂ ಒರೆಸಿದ್ದು ಚಿಕ್ಕಮುನಿಯಮ್ಮ ತಂದ ಕೊಳಲಿನಲ್ಲಿ.

ಇವನೇ ಬೇಕೆಂದು ನಕಲಿನ ಒಳಗನ್ನು ಹಾಗೆ ಚಪ್ಪಟೆಯಾಗಿ ಕೊರೆದಿರಬಹುದು ಎಂದು ಶ್ಯಾಮಣ್ಣ ಹೇಳಿದರು. ಈಗ ನಗುತ್ತಿರಲಿಲ್ಲ. ನಾನು ಚೀಲದಿಂದ ರೀಮರ್ ತೆಗೆದು ಮೇಜಿನ ಮೇಲೆ ಇಟ್ಟೆ. ತಿರುಗುವ ಉಳಿ ದುಂಡು ತೂತನ್ನೇ ಕೊರೆಯುತ್ತದೆ, ಇಳಿಜಾರಿನ ಉದ್ದಕ್ಕೂ ಮೊಟ್ಟೆಯಾಕಾರ ಕೊರೆಯುವ ಉಳಿ ನನ್ನ ಹತ್ತಿರ ಇಲ್ಲ, ಪೀಣ್ಯದಲ್ಲಿ ಯಾರ ಹತ್ತಿರವೂ ಇಲ್ಲ, ಅದನ್ನು ಮಾಡಿರುವುದು ವರ್ಷಗಳು ಎಂದು ಹೇಳಿದೆ. ಸಾಹೇಬರು ರೀಮರ್ ತೆಗೆದುಕೊಂಡು ನಾನು ತಂದಿದ್ದ ಕೆಟ್ಟ ತುಂಡಿನೊಳಗೆ ಹಾಕಿ ಎರಡು ಸುತ್ತು ತಿರುಗಿಸಿ ನೋಡಿದರು. ಹೊಟ್ಟು ಉದುರಿತು. ಶ್ಯಾಮಣ್ಣನವರ ಕಡೆ ನೋಡಿ, ಮುಂದೆ ಹೇಳಿ ಎಂದರು.

ಅಷ್ಟರಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಚಿಕ್ಕಮುನಿಯಮ್ಮ ಎದ್ದು, "ಮರಾನ ಕೇಳಿದ್ದಾತಲ್ಲ ಸ್ವಾಮಿ, ಇನ್ನ ನನ್ನ ಕೇಳಿ," ಎಂದರು. ಸಾಹೇಬರು ಅದರ ಅಗತ್ಯವಿಲ್ಲ ಎಂದರು. "ನಿಮಗಿಲ್ಲ. ನನಗೈತೆ," ಎಂದರು. ತಮ್ಮ ಸೆರಗಿನಿಂದ ತಾವೇ ಕಣ್ಣು ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ನಿಂತರು. ಗೋಪಾಲಪ್ಪನವರು ಒಂದೊಂದಾಗಿ ಕೊಳಲು ಕೈಗೆ ಕೊಟ್ಟರು. ಅವರು ಒಂದೊಂದೇ ಉಸಿರು ಊದಿ, ನನ್ದು ಅಥವಾ ನರಸಪ್ಪಂದು ಎಂದು ಹೇಳಿ ಹಿಂದಕ್ಕೆ ಕೊಟ್ಟರು. ನಾಲ್ಕನೇ ಸಲ ಗೋಪಾಲಪ್ಪನವರು ಮೂರನೇ ಸಲದ ಕೊಳಲನ್ನೇ ಮತ್ತೆ ಕೊಟ್ಟರು. ಅವರು ಊದಿ, "ಇದ್ನೇ ಅಲ್ವ ಸ್ವಾಮಿ ಈಗ್ತಾನೆ ಕೊಟ್ಟಿದ್ದು," ಎಂದರು. ಠಾಣೆಯಲ್ಲಿದ್ದವರೆಲ್ಲ ನಕ್ಕರು. ಸಾಹೇಬರೂ ನಕ್ಕರು. ಆರು ಸಲ ಕೊಟ್ಟರು. ಆರು ಸಲವೂ ಸರಿಯಾಗಿ ಹೇಳಿದರು.

6-25ಕ್ಕೆ ಶ್ಯಾಮಣ್ಣ ನೀರು ಕೇಳಿ ಕುಡಿದು, ಕೊಳಲು ಬದಲಾಯಿಸಿದ್ದು ಹೌದೆಂದು ಒಪ್ಪಿಕೊಂಡರು. ಅವರ ಹೇಳಿಕೆಯನ್ನು ಬೇರೆಯಾಗಿ ಬರೆದುಕೊಂಡಿದ್ದಾರೆ. ನೂರು ವರ್ಷ ದಾಟಿದ ವಸ್ತುವನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವುದು ಬೇರೆಯೇ ಅಪರಾಧ ಎಂದು ಸಾಹೇಬರು ಅವರಿಗೆ ಹೇಳಿದರು. ನನ್ನ ವಿಷಯ ಕೇಳಿದೆ. ನೀವು ಗೊತ್ತಿಲ್ಲದೆ ಮಾಡಿಕೊಟ್ಟವರು, ಗೊತ್ತಾದ ದಿನವೇ ಬಂದು ಹೇಳಿದವರು, ಈ ಕೇಸಿನಲ್ಲಿ ಸಾಕ್ಷಿ, ಆರೋಪಿ ಅಲ್ಲ ಎಂದರು.

ಹೂಡಿಯ ಕಡೆಯಿಂದ ಚಿಕ್ಕಮುನಿಯಮ್ಮನವರನ್ನು ಹುಡುಕಿಕೊಂಡು ಅವರ ಮಗ, ಸೊಸೆ, ಮೈದುನ ಆ ಹೊತ್ತಿಗೆ ಬಂದಿದ್ದರು. ಬಾಗಿಲ ಹತ್ತಿರ ನಿಂತಿದ್ದರು. ಮೈದುನ ತಲೆ ತಗ್ಗಿಸಿಕೊಂಡು, "ಅತ್ಗೆ, ನಾವೇ ತಪ್ ತಿಳ್ಕಂಡ್ವಿ," ಎಂದರು. ಚಿಕ್ಕಮುನಿಯಮ್ಮ ಸಾಹೇಬರ ಅಪ್ಪಣೆ ಕೇಳಿ ತಮ್ಮ ಕೊಳಲು ತೆಗೆದುಕೊಂಡು ಅಂಗಳಕ್ಕೆ ಬಂದು ಮೆಟ್ಟಿಲ ಮೇಲೆ ಕುಳಿತು ಊದಿದರು. ಯಾವ ಹಾಡೆಂದು ನನಗೆ ಗೊತ್ತಿಲ್ಲ. ಸುಮಾರು ಎಂಟು ನಿಮಿಷ ಊದಿದರು. ಕಾರ್ಖಾನೆ ಬಿಟ್ಟು ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ಇಳಿದು ನಿಂತರು. ಮೂವತ್ತು ನಲವತ್ತು ಜನ ಸೇರಿದರು. ಜನ ಸೇರಿದರೆ ಚದುರಿಸುವುದು ತನ್ನ ಕೆಲಸವೆಂದು ಎದ್ದ ಕಾನ್‌ಸ್ಟೇಬಲ್ಲಿಗೆ ಸಾಹೇಬರು ಕೈ ಅಡ್ಡ ಹಿಡಿದರು.

ಆಮೇಲೆ ಚಿಕ್ಕಮುನಿಯಮ್ಮ ನಾನು ಮಾಡಿದ ಕೊಳಲನ್ನೂ ಕೊಡಿ ಎಂದು ಕೇಳಿ ತೆಗೆದುಕೊಂಡು ಅದೇ ಹಾಡನ್ನು ಅದರಲ್ಲೂ ಊದಿದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದರು. ಅವರು ಹೇಳಿದ ಮಾತು ಇದು: "ನಮ್ಮಪ್ಪ ಊದ್ತಿದ್ದಾಗ ನಂದು ಇಂಗೇ ಕೂಗ್ತಿತ್ತು. ಆಮೇಲಾಮೇಲೆ ಅದಕ್ಕೂ ವಯಸ್ಸಾತು, ನಂಗೂ ವಯಸ್ಸಾತು, ಇಬ್ರೂ ಒಗ್ಗೋದ್ವಿ. ಇದು ನನ್ದಲ್ಲ. ಆದ್ರೆ ಇದು ಕೊಳಲು ಕಣಪ್ಪ."

ಈ ಮಾತನ್ನೂ ಬರೆದುಕೊಳ್ಳಿ ಎಂದು ಸಾಹೇಬರಿಗೆ ನಾನೇ ಹೇಳಿ ಬರೆಸುತ್ತಿದ್ದೇನೆ.

ಚಿಕ್ಕಮುನಿಯಮ್ಮನವರ ಕೊಳಲನ್ನು, ನ್ಯಾಯಾಲಯ ಕೇಳಿದಾಗ ಹಾಜರುಪಡಿಸುವುದಾಗಿ ಮುಚ್ಚಳಿಕೆ ಬರೆಸಿಕೊಂಡು, ನಾಳೆ ಅಪ್ಪಣೆ ಪಡೆದು ಅವರ ವಶಕ್ಕೆ ಕೊಡುವುದಾಗಿ ಸಾಹೇಬರು ತಿಳಿಸಿದ್ದಾರೆ. ಇವತ್ತು ರಾತ್ರಿ ಅದು ಠಾಣೆಯ ಬೀರುವಿನಲ್ಲಿ ಇರುತ್ತದೆ. ಬೀರುವಿನಲ್ಲಿ ಮಲಗಿಸಿ ಇಡಬೇಕು, ನಿಲ್ಲಿಸಬಾರದು, ತುಂಡು ಬಿಚ್ಚಿ ಇಡಬೇಕು ಎಂದು ನಾನೂ ಚಿಕ್ಕಮುನಿಯಮ್ಮನೂ ಒಟ್ಟಿಗೇ ಹೇಳಿದೆವು.

ಕೊನೆಯದಾಗಿ ಒಂದು ವಿಷಯ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಗೋಪಾಲಪ್ಪನವರು ಓದಿ ಹೇಳಿದಾಗ, ಎರಡನೇ ಸಾಲಿನಲ್ಲಿ "ನಕಲಿ ಕೊಳಲು, ಒಂದು" ಎಂದು ಇತ್ತು. ಆ ಪದದ ಮೇಲೆ ನನ್ನ ತಕರಾರಿದೆ ಎಂದು ಸಾಹೇಬರಲ್ಲಿ ಅರಿಕೆ ಮಾಡಿದೆ. ಮೋಸ ಮಾಡಿದ್ದು ಶ್ಯಾಮಣ್ಣ, ಕೊಳಲು ಯಾರಿಗೂ ಮೋಸ ಮಾಡಿಲ್ಲ, ಚಿಕ್ಕಮುನಿಯಮ್ಮನಿಗಂತೂ ಅದು ಮೊದಲ ದಿನವೇ ನಿಜ ಹೇಳಿಬಿಟ್ಟಿದೆ ಎಂದೆ. ಸಾಹೇಬರು ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು, ಅದರ ಮೇಲೆ "ಆಲೆ ಮರದ ಕೊಳಲು, ಒಂದು. ಮಾಡಿದವರು: ನರಸಪ್ಪ, ರಾಜಗೋಪಾಲನಗರ" ಎಂದು ಬರೆದು ಪಕ್ಕದಲ್ಲಿ ಚಿಕ್ಕ ರುಜು ಹಾಕಿದರು. ಪಂಚರೂ ರುಜು ಹಾಕಿದರು. ಆ ಸಾಲನ್ನು ನಾನು ಓದಿ ನೋಡಿದೆ. ಸರಿಯಾಗಿದೆ.

ಬರೆದುಕೊಂಡದ್ದನ್ನು ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು, ನನ್ನ ಕೈಯಾರೆ ಮಾಡಿದ್ದು ಇಷ್ಟೇ. ಇದರಲ್ಲಿ ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ವೈಟ್‌ಫೀಲ್ಡ್
ದಿನಾಂಕ: 12-3-1984, ರಾತ್ರಿ 8-10

(ರುಜು) ನರಸಪ್ಪ
ನನ್ನ ಸಮಕ್ಷಮ: (ರುಜು) ಜಯಸಿಂಹ, ಸಬ್ ಇನ್‌ಸ್ಪೆಕ್ಟರ್